ಮಾಡಿಸಿದವರು ಮತ್ತು ಮಾಡಿದವರು

ಯಾವುದೇ ಪಂಚಕಲ್ಯಾಣ ಮಹೋತ್ಸವದ ಸ್ಮರಣ ಸಂಚಿಕೆಯನ್ನು ತೆರೆದು ನೋಡಬಹುದು. ಮೊದಲು ಆಚಾರ್ಯರ ಮತ್ತು ಭಟ್ಟಾರಕರ ಆಶೀರ್ವಚನ. ಅನಂತರ ಮಂತ್ರಿಗಳ ಶುಭಸಂದೇಶ. ಆಡಳಿತ ಮಂಡಳಿಯ ಭಾವಚಿತ್ರಗಳು. ಕೊಟ್ಟ ಮೊತ್ತದ ಇಳಿಕೆಯ ಕ್ರಮದಲ್ಲಿ ದಾನಿಗಳ ಪಟ್ಟಿ. ಕೊನೆಯ ಪುಟದ ಕೃತಜ್ಞತಾ ನುಡಿಯಲ್ಲಿ ಶಾಮಿಯಾನ ಹಾಕಿದವರು, ಧ್ವನಿವರ್ಧಕ ಒದಗಿಸಿದವರು, ಪಾಕಶಾಲೆ ನಿರ್ವಹಿಸಿದವರು, ಪತ್ರಿಕಾ ಮಿತ್ರರು ಎಲ್ಲರಿಗೂ ಹೆಸರು ಹಿಡಿದು ವಂದನೆ ಸಲ್ಲುತ್ತದೆ. ಯಾವ ಬಿಂಬಕ್ಕಾಗಿ ಇಷ್ಟೆಲ್ಲ ನಡೆಯಿತೋ ಆ ಬಿಂಬವನ್ನು ಕಲ್ಲಿನಿಂದ ಬಿಡಿಸಿ ತೆಗೆದವನು ಮಾತ್ರ ಎಲ್ಲಿಯೂ ಸಿಗುವುದಿಲ್ಲ. ಸಿಕ್ಕರೂ ‘ಹಾಗೂ ಶಿಲ್ಪಿಗಳಿಗೂ’ ಎಂಬ ಎರಡು ಪದಗಳಲ್ಲಿ ಅವನು ಮುಗಿದುಹೋಗಿರುತ್ತಾನೆ.

ಇದಕ್ಕೆ ಸಿದ್ಧವಾದ ಸಮರ್ಥನೆಯೊಂದುಂಟು. ಜೈನ ಕಲೆ ಅನಾಮಿಕವಾದುದು. ಶಿಲ್ಪಿಯು ತನ್ನ ಅಹಂಕಾರವನ್ನು ಕಲ್ಲಿನಲ್ಲಿ ಕರಗಿಸಿದವನು. ಹೆಸರಿನ ಹಂಬಲವೂ ಪರಿಗ್ರಹವೇ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ 981ರ ಸುಮಾರಿಗೆ ನಿಂತ ಗೊಮ್ಮಟಮೂರ್ತಿಯನ್ನು ಕಡೆದವನು ತನ್ನ ಹೆಸರನ್ನು ಬರೆದುಕೊಂಡನೇ ಎಂದು ಕೇಳುತ್ತಾರೆ. ಬರೆದುಕೊಳ್ಳಲಿಲ್ಲ, ನಿಜ. ಅರಿಷ್ಟನೇಮಿ ಎಂಬ ಹೆಸರು ಐತಿಹ್ಯದಲ್ಲಿದೆಯೇ ಹೊರತು ಮೂರ್ತಿಯ ಪಾದದ ಬದಿಯ ಶಾಸನದಲ್ಲಿಲ್ಲ. ಅಲ್ಲಿರುವುದು ಚಾವುಂಡರಾಯನ ಹೆಸರು ಮತ್ತು ‘ಮಾಡಿಸಿದಂ’ ಎಂಬ ಕ್ರಿಯಾಪದ. ವ್ಯಾಕರಣವೇ ಇಲ್ಲಿ ಸಾಕ್ಷಿ ನುಡಿಯುತ್ತದೆ: ಮಾಡಿಸಿದವನು ಒಬ್ಬನಿದ್ದರೆ ಮಾಡಿದವನು ಮತ್ತೊಬ್ಬನು ಇರಲೇಬೇಕು.

ಹೆಸರಿನ ಹಂಬಲ ಪರಿಗ್ರಹವೆನ್ನುವುದು ನಿಜವಾದರೆ ಆ ನಿಯಮ ಮೊದಲು ಅನ್ವಯಿಸಬೇಕಾದುದು ಯಾರಿಗೆ? ಬಸದಿಯ ಮೆಟ್ಟಿಲಿನ ಮೇಲೆ ದಾನಿಯ ಹೆಸರು. ಫ್ಯಾನಿನ ರೆಕ್ಕೆಯ ಮೇಲೆ ದಾನಿಯ ಹೆಸರು. ಕುಡಿಯುವ ನೀರಿನ ತೊಟ್ಟಿಯ ಮೇಲೆ ದಾನಿಯ, ಅವರ ಪತ್ನಿಯ ಮತ್ತು ಮೊಮ್ಮಕ್ಕಳ ಹೆಸರು. ಅಪರಿಗ್ರಹದ ಪಾಠವೆಲ್ಲ ಉಳಿ ಹಿಡಿದವನಿಗೆ, ಅಮೃತಶಿಲೆಯ ಫಲಕವೆಲ್ಲ ಚೆಕ್ಕು ಬರೆದವನಿಗೆ ಎಂಬ ಈ ವಿಭಜನೆಯನ್ನು ಯಾವ ಶ್ರಾವಕಾಚಾರ ಗ್ರಂಥವೂ ಹೇಳಿಕೊಟ್ಟಿಲ್ಲ.

ಅನಾಮಿಕತೆಯೇ ಪರಂಪರೆ ಎಂಬ ಮಾತು ಇತಿಹಾಸದ ದೃಷ್ಟಿಯಿಂದಲೂ ನಿಲ್ಲುವುದಿಲ್ಲ. ಶ್ರವಣಬೆಳಗೊಳದಲ್ಲಿಯೇ ಹೊಯ್ಸಳ ಕಾಲದ ಶಾಸನಗಳ ಕೊನೆಯಲ್ಲಿ ಅಕ್ಷರಗಳನ್ನು ಕಂಡರಿಸಿದ ಗಂಗಾಚಾರಿ, ವರ್ಧಮಾನಾಚಾರಿ ಮೊದಲಾದವರ ಹೆಸರುಗಳು ರೂವಾರಿಗಳಲ್ಲಿ ಶ್ರೇಷ್ಠರೆಂಬ ಬಿರುದಿನೊಡನೆ ನಿಂತಿವೆ. ಬರಹ ಕಡೆದವನಿಗೇ ಅಷ್ಟು ಮನ್ನಣೆ. ರಾಜಸ್ಥಾನದ ರಾಣಕಪುರದಲ್ಲಿ ಧರಣಾಶಾಹನು ಕಟ್ಟಿಸಿದ ಆದಿನಾಥ ಚೈತ್ಯಾಲಯದ 1439ರ ಶಾಸನವು ರಾಣಾ ಕುಂಭನನ್ನೂ ಹೇಳುತ್ತದೆ, ಧರಣಾಶಾಹನನ್ನೂ ಹೇಳುತ್ತದೆ. ಜೊತೆಗೆ ಸೂತ್ರಧಾರ ದೇಪಾಕನನ್ನೂ ಹೇಳುತ್ತದೆ. ಅರಸ, ಶ್ರೇಷ್ಠಿ, ಶಿಲ್ಪಿ ಮೂವರೂ ಒಂದೇ ಕಲ್ಲಿನ ಮೇಲೆ! ಸುಮಾರು ಆರು ಶತಮಾನಗಳ ಹಿಂದಿನ ಶ್ರೇಷ್ಠಿಯೊಬ್ಬನಿಗೆ ಇದರಿಂದ ಮಾನಹಾನಿಯಾಗಲಿಲ್ಲ.

ಹತ್ತಿರದ ನಿದರ್ಶನ ಬೇಕಾದರೆ ಧರ್ಮಸ್ಥಳವಿದೆ. ಅಲ್ಲಿಯ ರತ್ನಗಿರಿಯ 39 ಅಡಿ ಎತ್ತರದ ಬಾಹುಬಲಿಯನ್ನು ಕಾರ್ಕಳದಲ್ಲಿ ಕಡೆದವರು ರೆಂಜಾಳ ಗೋಪಾಲಕೃಷ್ಣ ಶೆಣೈಯವರು. ಮೂರ್ತಿ 1973ರಲ್ಲಿ ಧರ್ಮಸ್ಥಳವನ್ನು ತಲುಪಿ, 1982ರಲ್ಲಿ ಪ್ರತಿಷ್ಠೆಗೊಂಡಿತು. ಶೆಣೈಯವರು ಜೈನರಲ್ಲ, ಆದರೂ ಕಾಯೋತ್ಸರ್ಗದ ನಿಶ್ಚಲತೆಯನ್ನು ಕಲ್ಲಿಗೆ ತಂದರು. ಅವರ ಹೆಸರು ಕರಾವಳಿಯ ಹಿರಿಯರ ಬಾಯಲ್ಲಿ ಇನ್ನೂ ಇದೆ. ಆದರೆ 2019ರ ಮಹಾಮಸ್ತಕಾಭಿಷೇಕದ ಚಿತ್ರಗಳನ್ನು ಮೊಬೈಲಿನಲ್ಲಿ ನೂರಾರು ಜನರಿಗೆ ಕಳಿಸಿದ ತರುಣರಲ್ಲಿ ಆ ಹೆಸರನ್ನು ಬಲ್ಲವರು ಎಷ್ಟು ಮಂದಿ?

ಇಲ್ಲಿಗೆ ಈ ಕಾಲದ ವಿಶೇಷ ವ್ಯಾಧಿಯ ಪ್ರಸ್ತಾಪ ಬರುತ್ತದೆ. ಹಿಂದೆಂದೂ ಇಲ್ಲದಷ್ಟು ಸುಲಭವಾಗಿ ಇಂದು ಜೀವಂತ ಕಲಾವಿದನು ಶ್ರಾವಕನ ಕೈಗೆಟಕುತ್ತಾನೆ. ಕಾರ್ಕಳದ ಶಿಲ್ಪಿ, ಜಯಪುರದ ಮೂರ್ತಿಕಾರ, ಮೈಸೂರು ಶೈಲಿಯ ಚಿತ್ರಕಾರ ತಮ್ಮ ಕೆಲಸದ ಚಿತ್ರಗಳನ್ನು ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳಲ್ಲಿ ಪ್ರಕಟಿಸುತ್ತಾರೆ. ಕೆಳಗೆ ಕೈಮುಗಿದ ಚಿಹ್ನೆಗಳೂ ‘ಅದ್ಭುತ’ ಎಂಬ ಉದ್ಗಾರಗಳೂ ಸಾಲುಗಟ್ಟುತ್ತವೆ. ಅದೇ ಚಿತ್ರ ಮರುದಿನ ವಾಟ್ಸಾಪ್ ಬಳಗಗಳಲ್ಲಿ ಹರಿದಾಡುವಾಗ ಮೂಲೆಯಲ್ಲಿದ್ದ ಕಲಾವಿದನ ಹೆಸರನ್ನು ಕತ್ತರಿಸಿ, ಆ ಜಾಗದಲ್ಲಿ ಅಂಗಡಿಯ ಹೆಸರೋ ಯುವಕ ಮಂಡಲದ ಹೆಸರೋ ಸೇರಿಕೊಂಡಿರುತ್ತದೆ. ಮಹಾವೀರ ಜಯಂತಿಯ ಫ್ಲೆಕ್ಸಿಗೆ ಬೇಕಾದ ತೀರ್ಥಂಕರರ ಚಿತ್ರವನ್ನು ಹೀಗೆಯೇ ‘ನೆಟ್‌ನಿಂದ’ ಇಳಿಸಿಕೊಳ್ಳಲಾಗುತ್ತದೆ. ಅದನ್ನು ಬರೆದವನು ಮನುಷ್ಯನೆಂಬ ಯೋಚನೆಯೂ ಸುಳಿಯುವುದಿಲ್ಲ. ಅಹಿಂಸೆಯ ಸಂದೇಶ ಸಾರುವ ಫಲಕವೇ ಅದತ್ತಾದಾನದಿಂದ ಆರಂಭವಾಗುತ್ತದೆ ಎಂಬ ವಿಪರ್ಯಾಸ ಯಾರಿಗೂ ಕಾಣದು.

ಮೆಚ್ಚುವುದು ತಪ್ಪಲ್ಲ. ತತ್ತ್ವಾರ್ಥಸೂತ್ರವು ಸತ್ತ್ವಗಳಲ್ಲಿ ಮೈತ್ರಿ, ಕ್ಲೇಶಪಡುವವರಲ್ಲಿ ಕಾರುಣ್ಯ, ಅವಿನೀತರಲ್ಲಿ ಮಾಧ್ಯಸ್ಥ್ಯ ಎನ್ನುವಂತೆಯೇ ಗುಣಾಧಿಕರಲ್ಲಿ ಪ್ರಮೋದವನ್ನು ಭಾವಿಸಬೇಕೆಂದು ವಿಧಿಸಿದೆ. ತನಗಿಂತ ಹೆಚ್ಚಿನ ಗುಣವುಳ್ಳವನನ್ನು ಕಂಡು ಹೃದಯ ಅರಳುವುದೇ ಪ್ರಮೋದ. ಅದು ಸಾಧನೆ. ಆದರೆ ‘ಗುಣ’ವೆಂಬುದು ಗುಣಿಯನ್ನು ಬಿಟ್ಟು ಇರಲಾರದೆಂಬುದು ಜೈನ ತತ್ತ್ವದ ಮೊದಲ ಪಾಠಗಳಲ್ಲೊಂದು. ಬಿಂಬವನ್ನು ಹೊಗಳಿ ಶಿಲ್ಪಿಯನ್ನು ಮರೆಯುವವನು ದ್ರವ್ಯವಿಲ್ಲದ ಗುಣವನ್ನು ಹಿಡಿಯಲು ಹೊರಟವನು. ಬೆರಳ ತುದಿಯಿಂದ ಒತ್ತಿದ ಹೃದಯದ ಚಿಹ್ನೆ ಪ್ರಮೋದದ ಆರಂಭವಾಗಬಹುದು. ಅಲ್ಲಿಗೇ ನಿಂತರೆ ಅದು ಕೇವಲ ಕಣ್ಣಿನ ವಿನೋದ.

ಅದಕ್ಕಾಗಿಯೇ ಕಲಾಶಾಲೆಯ ಬಾಗಿಲಿಗೆ ಹೋಗಬೇಕೆನ್ನುವುದು. ಬಿಂಬಕ್ಕೆ ಬೇಡಿಕೆಯಿಟ್ಟು ಮುಂಗಡ ಕೊಡುವ ಟ್ರಸ್ಟಿಗಳೂ ಎಷ್ಟೋ ಸಲ ಶಿಲ್ಪಿಯ ಮುಖ ನೋಡಿರುವುದಿಲ್ಲ. ಮೊಬೈಲಿಗೆ ಬಂದ ಫೋಟೋ ನೋಡಿ ‘ಮೂಗು ಸ್ವಲ್ಪ ಚೂಪು ಮಾಡಿ’ ಎಂದು ಬರೆದು ಕಳಿಸುತ್ತಾರೆ. ಖುದ್ದು ಹೋಗಿ ಅರ್ಧ ದಿನ ಕುಳಿತವನಿಗೆ ಬೇರೆಯೇ ಲೋಕ ತೆರೆದುಕೊಳ್ಳುತ್ತದೆ. ಕಲ್ಲನ್ನು ಬಡಿದು ನಾದ ಕೇಳಿ ಪುಂಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆಗಳೆಂದು ವಿಂಗಡಿಸುವ ಬಗೆ. ತಾಳಮಾನದ ಪ್ರಕಾರ ಎಳೆದ ಗೆರೆಗಳು. ನಾಸಾಗ್ರ ದೃಷ್ಟಿಗಾಗಿ ರೆಪ್ಪೆಯನ್ನು ಎಷ್ಟು ಇಳಿಸಬೇಕೆಂಬ ಹಿಡಿತ. ಕೂದಲೆಳೆಯಷ್ಟು ಹೆಚ್ಚಾದರೆ ಧ್ಯಾನ ನಿದ್ರೆಯಾಗುತ್ತದೆ, ಕಡಿಮೆಯಾದರೆ ನೋಟ ಹೊರಗೆ ಅಲೆಯುತ್ತದೆ. ಪ್ರತಿಮಾಲಕ್ಷಣವನ್ನು ಬಲ್ಲ ಶಿಲ್ಪಿ ಚೂಪು ಮೂಗಿನ ಸಲಹೆಯನ್ನು ಏಕೆ ಒಪ್ಪಲಿಲ್ಲವೆಂಬುದು ಅಲ್ಲಿ ಐದು ನಿಮಿಷದಲ್ಲಿ ತಿಳಿಯುತ್ತದೆ. ಮಕ್ಕಳನ್ನೂ ಕರೆದೊಯ್ಯಬೇಕು. ಆದಿದೇವನು ಕರ್ಮಭೂಮಿಯ ಆರಂಭದಲ್ಲಿ ಜನರಿಗೆ ಕಲಿಸಿದ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಕರ್ಮಗಳಲ್ಲಿ ಸಮಾಜವು ವಾಣಿಜ್ಯವೊಂದನ್ನೇ ನೆನಪಿಟ್ಟುಕೊಂಡಂತಿದೆ. ಆರನೆಯದು ಹೇಗಿರುತ್ತದೆಂದು ಮಕ್ಕಳಾದರೂ ನೋಡಲಿ. ಹೋಗುವ ಮುನ್ನ ಕೇಳಿ ಹೋಗುವುದು, ಕೆಲಸದ ವೇಳೆಯನ್ನು ಹಾಳುಮಾಡದಿರುವುದು, ಅನುಮತಿಯಿಲ್ಲದೆ ಚಿತ್ರ ತೆಗೆಯದಿರುವುದು ಇವೆಲ್ಲ ಹೇಳಬೇಕಾದ ಮಾತುಗಳಲ್ಲ; ಆದರೂ ಹೇಳಬೇಕಾಗಿದೆ.

ಇನ್ನು ಹಣದ ವಿಷಯ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ. ಅದನ್ನು ಗೋಶಾಲೆಯ ದನಗಳಿಗೆ ಮಾತ್ರ ಅನ್ವಯಿಸಿ ಸಮಾಧಾನಪಡುವುದು ರೂಢಿಯಾಗಿದೆ. ಪ್ರತಿಷ್ಠೆ ಮುಗಿದು, ಸವಾಲುಗಳ ಹಣ ಎಣಿಸಿಯಾದ ಮೇಲೂ ಶಿಲ್ಪಿಯ ಕೊನೆಯ ಕಂತನ್ನು ‘ಲೆಕ್ಕ ಪರಿಶೋಧನೆಯಾಗಲಿ’ ಎಂದು ತಿಂಗಳುಗಟ್ಟಲೆ ತಡೆಹಿಡಿಯುವುದು ಅವನ ಮನೆಯ ಅನ್ನವನ್ನು ತಡೆದಂತಲ್ಲವೇ? ಒಬ್ಬ ಶಿಲ್ಪಿಯಿಂದ ನಕ್ಷೆಯನ್ನೂ ಮಣ್ಣಿನ ಮಾದರಿಯನ್ನೂ ಮಾಡಿಸಿ, ಅದರ ಫೋಟೋವನ್ನು ಕಡಿಮೆ ದರದವನಿಗೆ ಕೊಟ್ಟು ಕಡೆಸಿಕೊಳ್ಳುವ ಜಾಣತನವೂ ಇದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಪ್ರತಿರೂಪಕವ್ಯವಹಾರ’ವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು. ಕಂಪ್ಯೂಟರ್ ಚಾಲಿತ ಯಂತ್ರದಲ್ಲಿ ಕೊರೆದುದನ್ನು ಕೈಕೆಲಸವೆಂದು ಮಾರುವುದೂ, ಅದನ್ನು ತಿಳಿದೇ ಕೊಳ್ಳುವುದೂ ಅದೇ ಸಾಲಿಗೆ ಸೇರುತ್ತವೆ.

ದೇಶದ ಕಾನೂನು ಕೂಡ ಈ ವಿಷಯದಲ್ಲಿ ಮೌನವಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 57ನೆಯ ಕಲಮಿನ ಪ್ರಕಾರ, ಕೃತಿಯನ್ನು ಮಾರಿದ ಮೇಲೂ ಅದರ ಕರ್ತೃ ತಾನೇ ಎಂದು ಹೇಳಿಕೊಳ್ಳುವ ಹಕ್ಕು ಕಲಾವಿದನಲ್ಲಿ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಅವರನ್ನು ಕೇಳದೆ ಕಿತ್ತು ಉಗ್ರಾಣಕ್ಕೆ ತಳ್ಳಲಾಗಿತ್ತು. 2005ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಶಿಲ್ಪದ ಅವಶೇಷಗಳನ್ನು ಶಿಲ್ಪಿಗೆ ಮರಳಿಸುವಂತೆಯೂ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆಯೂ ಸರ್ಕಾರಕ್ಕೆ ಆದೇಶಿಸಿತು. ಸಭಾಭವನದ ಗೋಡೆಯ ಮೇಲಿನ ಭರತ-ಬಾಹುಬಲಿ ಚಿತ್ರಗಳಿಗೆ ಬಣ್ಣ ಮಾಸಿತೆಂದು ಎಣ್ಣೆಬಣ್ಣ ಬಳಿಸಲು ಹೊರಡುವ ಮೊಕ್ತೇಸರರು ಈ ತೀರ್ಪನ್ನೊಮ್ಮೆ ಓದುವುದು ಲೇಸು.

ಇಷ್ಟೆಲ್ಲವನ್ನೂ ಮೀರಿದ ಸಂಗತಿ ಒಂದಿದೆ. ಅದನ್ನು ಮೆಲುದನಿಯಲ್ಲಿ ಹೇಳಿ ಮುಗಿಸುವಂತಿಲ್ಲ. ದಿಲವಾಡದ ಚೈತ್ಯಾಲಯಗಳಿರುವ ರಾಜಸ್ಥಾನದ ಸಿರೋಹಿ ಜಿಲ್ಲೆಯಲ್ಲಿಯೇ ಪಿಂಡವಾಡಾ ಎಂಬ ಊರಿದೆ. ದೇಶದ ನಾನಾ ಕಡೆಯ ದೇವಾಲಯಗಳ ಕಂಬ, ತೋರಣ, ಶಿಖರಗಳ ಕಲ್ಲುಗಳು ಅಲ್ಲಿ ಸಿದ್ಧವಾಗುತ್ತವೆ. ವಿದ್ಯುತ್ ಗರಗಸಗಳು ಒಣಕಲ್ಲನ್ನು ಕೊಯ್ಯುವಾಗ ಏಳುವ ಸೂಕ್ಷ್ಮ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕುಳಿತು ಸಿಲಿಕೋಸಿಸ್ ಎಂಬ ರೋಗವನ್ನು ತರುತ್ತದೆ. ಒಮ್ಮೆ ಬಂದರೆ ಅದಕ್ಕೆ ಪರಿಹಾರವಿಲ್ಲ. ಉಸಿರು ಕುಗ್ಗುತ್ತಾ ಹೋಗುತ್ತದೆ, ಕ್ಷಯವೂ ಬೇಗ ಅಂಟುತ್ತದೆ. ಪಿಂಡವಾಡಾದ ಕೆತ್ತನೆಗಾರರಲ್ಲಿ ಅನೇಕರು ನಡುವಯಸ್ಸಿನಲ್ಲಿಯೇ ಇದಕ್ಕೆ ಬಲಿಯಾಗಿದ್ದಾರೆ. ರಾಜಸ್ಥಾನ ಸರ್ಕಾರ 2019ರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ನೀತಿಯನ್ನು ರೂಪಿಸಬೇಕಾಯಿತು. ಶುದ್ಧ ಅಮೃತಶಿಲೆಯಲ್ಲಿ ಸಿಲಿಕಾ ತೀರ ಕಡಿಮೆ. ಮರಳುಗಲ್ಲಿನಲ್ಲಿಯೂ ಗ್ರಾನೈಟಿನಲ್ಲಿಯೂ ಹೇರಳ. ಆದುದರಿಂದ ಇದು ಉತ್ತರದವರ ಸಮಸ್ಯೆಯೆಂದು ಕನ್ನಡ ನಾಡಿನ ಟ್ರಸ್ಟುಗಳು ಕೈತೊಳೆದುಕೊಳ್ಳುವಂತಿಲ್ಲ.

ಬಾಯಿಗೆ ಮುಹಪತ್ತಿ ಕಟ್ಟಿ ವಾಯುಕಾಯ ಜೀವಗಳನ್ನು ಕಾಯುವ ಪಂಥವೂ, ನೀರನ್ನು ಸೋಸದೆ ಕುಡಿಯದ ಸಮಾಜವೂ ತನ್ನ ಬಿಂಬ ಕಡೆಯುವವನ ಉಸಿರಿನೊಳಗೆ ಏನು ಹೋಗುತ್ತಿದೆಯೆಂದು ಕೇಳಿಲ್ಲ. ನೀರು ಹಾಯಿಸಿ ಕೊಯ್ಯುವುದು, ಧೂಳು ಹೀರುವ ಯಂತ್ರ ಕೂರಿಸುವುದು, ತಕ್ಕ ಮುಖವಾಡ ಒದಗಿಸುವುದು ಇವು ಅಸಾಧ್ಯವಾದ ಖರ್ಚುಗಳಲ್ಲ. ಕಲಶದ ಒಂದು ಸವಾಲಿನ ಹಣದಲ್ಲಿ ಆಗುವಂಥವು. ಲೂಣವಸಹಿಯ ನಿರ್ಮಾಣದಲ್ಲಿ ಶಿಲ್ಪಿಗಳು ಅಬುವಿನ ಚಳಿಗೆ ನಡುಗುತ್ತಿದ್ದುದನ್ನು ಕಂಡು ತೇಜಪಾಲನ ಪತ್ನಿ ಅನುಪಮಾದೇವಿ ಅವರಿಗೆ ಬೆಂಕಿಯನ್ನೂ ಊಟವನ್ನೂ ಏರ್ಪಡಿಸಿದಳೆಂಬ ಕಥೆ ಪ್ರಚಲಿತವಾಗಿದೆ. ಐತಿಹ್ಯವೇ ಇರಲಿ. ಚೈತ್ಯಾಲಯ ಕಟ್ಟಿಸುವವಳು ಶಿಲ್ಪಿ ಕೆಲಸ ಮಾಡುವ ಸ್ಥಳಕ್ಕೆ ಹೋಗಿದ್ದಳು, ಅವನ ಮೈಯನ್ನು ಗಮನಿಸಿದ್ದಳು ಎಂಬುದನ್ನಾದರೂ ಆ ಐತಿಹ್ಯ ನೆನಪಿಟ್ಟುಕೊಂಡಿದೆ.

ಅತ್ತಿಮಬ್ಬೆಯ ಹೆಸರನ್ನು ಹೇಳದ ಮಹಿಳಾ ಸಮಾಜದ ಸಭೆಯಿಲ್ಲ. ಅವಳು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದುದು ಎಲ್ಲರಿಗೂ ಗೊತ್ತು. ಆದರೆ ಅವಳು ಹಳೆಯ ಕವಿಯ ಗ್ರಂಥವನ್ನು ಉಳಿಸಿ ಸುಮ್ಮನಾಗಲಿಲ್ಲ. ಬಳೆಗಾರರ ಕುಲದಲ್ಲಿ ಹುಟ್ಟಿ, ತನ್ನ ಕಣ್ಣೆದುರಿಗೆ ಬಾಳುತ್ತಿದ್ದ ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದಳು. ಇಂದಿನ ಸಮಾಜ ಅವಳ ಮೊದಲ ಕಾರ್ಯವನ್ನು ಮಾತ್ರ ಅನುಕರಿಸುತ್ತಿದೆ. ಹಳೆಯದರ ಪ್ರತಿಗಳು, ಹಳೆಯ ಬಿಂಬಗಳ ಫೋಟೋಗಳು, ಹಳೆಯ ಬಸದಿಗಳ ಕ್ಯಾಲೆಂಡರುಗಳು ಸಾಕಷ್ಟಿವೆ. ಬದುಕಿರುವ ರನ್ನನ ವಿಳಾಸ ಯಾರ ಬಳಿಯೂ ಇಲ್ಲ.

ಮುಂದಿನ ಬಿಂಬಕ್ಕೆ ಕರಾರು ಬರೆಯುವ ಟ್ರಸ್ಟು ಮೂರು ವಾಕ್ಯಗಳನ್ನು ಹೆಚ್ಚಾಗಿ ಸೇರಿಸಬಹುದು: ಕೊನೆಯ ಕಂತು ಪ್ರತಿಷ್ಠೆಗೆ ಮುಂಚೆಯೇ ಸಂದಾಯವಾಗತಕ್ಕದ್ದು; ಧೂಳಿನಿಂದ ರಕ್ಷಣೆಯ ವೆಚ್ಚ ಅಂದಾಜುಪಟ್ಟಿಯಲ್ಲಿಯೇ ಇರತಕ್ಕದ್ದು; ಶಿಲ್ಪಿಯ ಹೆಸರು ಮತ್ತು ಊರು ಪೀಠದ ಮೇಲೆ ದಾನಿಯ ಹೆಸರಿನಷ್ಟೇ ದೊಡ್ಡ ಅಕ್ಷರಗಳಲ್ಲಿ ಇರತಕ್ಕದ್ದು. ಗರ್ಭಗೃಹದ ನಿಯಮಗಳು ಎಂದಿನಂತೆ ಇರಲಿ. ಪ್ರತಿಷ್ಠೆಯ ದಿನ ಶಿಲ್ಪಿಯನ್ನು ಸಂಸಾರಸಮೇತ ಕರೆಸಿ ನವರಂಗದಲ್ಲಿ ಮುಂದೆ ಕೂರಿಸುವುದಕ್ಕೆ ಯಾವ ನಿಯಮವೂ ಅಡ್ಡಬಾರದು. ಪೀಠದಲ್ಲಿ ಜಾಗ ಸಾಲದೆಂಬ ಆಕ್ಷೇಪ ಬರುವುದು ಖಂಡಿತ. ಎರಡಂಗುಲ ಸಾಕು. ಆ ಅಕ್ಷರಗಳನ್ನು ಕಡೆಯುವುದಕ್ಕೆ ಅವನು ಬೇರೆ ಕೂಲಿಯನ್ನೂ ಕೇಳಲಾರನು.