ಬಿಳುಪಿಗಿಂತ ಹೊಂದಿಕೆ ಮೇಲು

ಮುಂದಿನ ಹಲ್ಲು ಮುರಿದಾಗಲೋ ರೂಟ್ ಕೆನಾಲ್ ಚಿಕಿತ್ಸೆ ಮುಗಿದ ಬಳಿಕವೋ ಕ್ಯಾಪ್ ಹಾಕಿಸಿಕೊಳ್ಳುವ ಹಲವರು ದಂತವೈದ್ಯರಲ್ಲಿ ಮುಂದಿಡುವ ಕೋರಿಕೆ ಒಂದೇ: ಹಲ್ಲು ಆದಷ್ಟು ಬೆಳ್ಳಗಿರಲಿ. ಆಸೆ ಸಹಜವಾದರೂ ಫಲ ವಿಪರೀತ. ಸಾಲಿನ ಉಳಿದ ಹಲ್ಲುಗಳಿಗಿಂತ ಬೆಳ್ಳಗಿರುವ ಒಂದು ಹಲ್ಲು ನೋಡುವವರ ಕಣ್ಣಿಗೆ ಮೊದಲು ಬೀಳುತ್ತದೆ. ಕೃತಕ ಹಲ್ಲಿನ ಹಿರಿಮೆ ಗುರುತು ಸಿಗದಿರುವುದರಲ್ಲಿದೆ. ಆದುದರಿಂದ ಬಣ್ಣದ ಆಯ್ಕೆಯನ್ನು ಚಿಕಿತ್ಸೆಯ ಮೊದಲ ಹೆಜ್ಜೆಯೆಂದೇ ಪರಿಗಣಿಸಬೇಕು.

ಹಲ್ಲು ಸುಣ್ಣ ಬಳಿದ ಗೋಡೆಯಂತೆ ಏಕವರ್ಣದ್ದಲ್ಲ. ಹೊರಗಿನ ಎನಾಮೆಲ್ ಪದರವು ಬೆಳಕನ್ನು ಒಳಗೆ ಬಿಡುತ್ತದೆ. ಒಳಗಿನ ಡೆಂಟಿನ್ ಹಳದಿ ಛಾಯೆಯದು. ಒಸಡಿನ ಬಳಿ ಬಣ್ಣ ಗಾಢವಾಗಿಯೂ ಅಂಚಿನಲ್ಲಿ ಪಾರದರ್ಶಕವಾಗಿಯೂ ಕಾಣುತ್ತದೆ. ವಯಸ್ಸಾದಂತೆ ಎನಾಮೆಲ್ ಸವೆದು ಹಲ್ಲು ಮಂಕಾಗುತ್ತದೆ. ಅರವತ್ತರ ಹಿರಿಯರಿಗೆ ಇಪ್ಪತ್ತರ ಹಲ್ಲಿನ ಬಣ್ಣ ಒಪ್ಪದು.

ಬಣ್ಣ ಹೊಂದಿಸಲು ವೈದ್ಯರು ಶೇಡ್ ಗೈಡ್ ಎಂಬ ಮಾದರಿ ಹಲ್ಲುಗಳ ಸಾಲನ್ನು ಬಳಸುತ್ತಾರೆ. 1956ರಲ್ಲಿ ಬಂದ ವೀಟಾ ಕ್ಲಾಸಿಕಲ್ ಗೈಡ್‌ನಲ್ಲಿ 16 ಛಾಯೆಗಳಿದ್ದು, ಅವನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗಿದೆ. 1998ರಲ್ಲಿ ಬಂದ ವೀಟಾ ತ್ರೀಡಿ ಮಾಸ್ಟರ್ ಕ್ರಮದಲ್ಲಿ ಹಲ್ಲು ಎಷ್ಟು ತಿಳಿ, ಎಷ್ಟು ಮಂಕು ಎಂಬುದನ್ನು ಮೊದಲು ನಿರ್ಧರಿಸಿ, ಅನಂತರ ಗಾಢತೆಯನ್ನೂ ಕೊನೆಗೆ ವರ್ಣವನ್ನೂ ನೋಡುತ್ತಾರೆ. ತಿಳಿ-ಮಂಕಿನ ವ್ಯತ್ಯಾಸವನ್ನೇ ಕಣ್ಣು ಬೇಗ ಹಿಡಿಯುವುದರಿಂದ ಈ ಕ್ರಮ ಯುಕ್ತವಾದುದು. ಬಣ್ಣವನ್ನು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಉಪಕರಣವೂ ಇಂದು ಲಭ್ಯವಿದೆ. ಅದು ನೆರವಾಗುತ್ತದೆ ನಿಜ. ಆದರೂ ನುರಿತ ಕಣ್ಣು ಮತ್ತೊಮ್ಮೆ ನೋಡುವುದು ಅಗತ್ಯ. ಕ್ಯಾಪ್ ತಯಾರಿಸುವ ಲ್ಯಾಬಿನ ಕುಶಲಕರ್ಮಿ ಸಾಮಾನ್ಯವಾಗಿ ರೋಗಿಯನ್ನು ಕಂಡಿರುವುದಿಲ್ಲ. ಹಲ್ಲಿನ ಪಕ್ಕದಲ್ಲಿ ಮಾದರಿಯನ್ನು ಹಿಡಿದು ತೆಗೆದ ಛಾಯಾಚಿತ್ರವೇ ಅವರಿಗೆ ದಾರಿದೀಪ.

ಉಪಕರಣವಿಲ್ಲದ ಚಿಕ್ಕ ಊರಿನ ಚಿಕಿತ್ಸಾಲಯದಲ್ಲಿಯೂ ಪಾಲಿಸಬಹುದಾದ ನಿಯಮಗಳಿವೆ. ಹಲ್ಲನ್ನು ಕೊರೆಯುವ ಮೊದಲೇ ಬಣ್ಣ ನೋಡಬೇಕು. ಬಾಯಿ ತೆರೆದಿದ್ದು ಒಣಗಿದ ಹಲ್ಲು ಇರುವುದಕ್ಕಿಂತ ಬೆಳ್ಳಗೆ ತೋರುತ್ತದೆ. ಎಲೆಯಡಿಕೆ, ಚಹಾದ ಕಲೆಗಳನ್ನು ಮೊದಲು ಶುಚಿಗೊಳಿಸಬೇಕು. ಹಳದಿ ದೀಪದಡಿ ಹೊಂದಿದ ಬಣ್ಣ ಹಗಲಿನಲ್ಲಿ ಹೊಂದದಿರಬಹುದು. ಕಿಟಕಿಯ ಬಳಿಯ ಹಗಲು ಬೆಳಕಿನಲ್ಲಿಯೂ ನೋಡುವುದು ಒಳಿತು. ತುಟಿಯ ಬಣ್ಣವನ್ನು ಒರೆಸಿ, ಕಣ್ಣು ಕುಕ್ಕುವ ಉಡುಪಿನ ಮೇಲೆ ಬೂದು ಬಣ್ಣದ ಬಟ್ಟೆ ಹೊದಿಸಬೇಕು. ಒಂದೇ ಸಮನೆ ದಿಟ್ಟಿಸಿದರೆ ಕಣ್ಣು ದಣಿದು ಮೋಸಹೋಗುತ್ತದೆ. ಪ್ರತಿ ಸಲ ಕೆಲವೇ ಕ್ಷಣ ನೋಡಬೇಕು. ಹಲ್ಲು ಬೆಳ್ಳಗಾಗಿಸುವ ಚಿಕಿತ್ಸೆ ಮಾಡಿಸಿದವರು ಬಣ್ಣ ಸ್ಥಿರಗೊಳ್ಳಲು ಸುಮಾರು ಎರಡು ವಾರ ಕಾಯಬೇಕು.

ಕೋಲಾರ, ಪಾವಗಡ ಮುಂತಾದ ಕಡೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಅನೇಕರ ಹಲ್ಲುಗಳಲ್ಲಿ ಬಿಳಿ ಅಥವಾ ಕಂದು ಮಚ್ಚೆಗಳಿರುತ್ತವೆ. ಅಂಥವರಿಗೆ ಗೈಡಿನ ಯಾವ ಒಂದು ಮಾದರಿಯೂ ಪೂರ್ತಿ ಹೊಂದದು. ಮಚ್ಚೆಗಳ ಸ್ಥಾನವನ್ನು ಚಿತ್ರದಲ್ಲಿ ಗುರುತಿಸಿ ಲ್ಯಾಬಿಗೆ ಕಳುಹಿಸಬೇಕಾಗುತ್ತದೆ.

ಅಗಿಯಲು ಬಂದರೆ ಸಾಕು, ಬಣ್ಣದ ಚಿಂತೆ ಏಕೆ ಎನ್ನುವವರೂ ಉಂಟು. ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುವವರ ಸಂಕೋಚವನ್ನು ಅವರು ಗಮನಿಸಬೇಕು. ಸಿರಾಮಿಕ್ ಕ್ಯಾಪನ್ನು ಅಂಟಿಸಿದ ಮೇಲೆ ಬ್ಲೀಚ್ ಮಾಡಿ ಅದರ ಬಣ್ಣ ಬದಲಿಸಲಾಗದು. ಒಪ್ಪದಿದ್ದರೆ ಅದನ್ನು ಕತ್ತರಿಸಿ ತೆಗೆದು ಹೊಸದನ್ನು ಮಾಡಿಸಬೇಕು. ಹಣ ಮತ್ತೆ ವ್ಯಯ. ಒಳಗಿನ ಹಲ್ಲಿಗೂ ಮತ್ತೆ ಪೆಟ್ಟು.

ಆದುದರಿಂದ ಚಿಕಿತ್ಸೆಗೆ ಹೋಗುವ ಸದ್ಭಕ್ತರು ಸಂಕೋಚಪಡದೆ ಕನ್ನಡಿ ಕೇಳಬೇಕು. ಕ್ಯಾಪನ್ನು ಅಂಟಿಸುವ ಮುನ್ನ ಹಗಲು ಬೆಳಕಿನಲ್ಲಿ ಮನೆಯವರೊಡನೆ ನೋಡಿ ಒಪ್ಪಿಗೆ ನೀಡಬೇಕು. ವೈದ್ಯರೂ ಇದಕ್ಕೆ ಹತ್ತು ನಿಮಿಷ ಮೀಸಲಿಡಬೇಕು. ವರ್ಷಗಟ್ಟಲೆ ಬಾಯಲ್ಲಿರುವ ಹಲ್ಲಿಗೆ ಅಷ್ಟು ಹೊತ್ತು ಹೆಚ್ಚೇನಲ್ಲ.