ಬೆರಳಿನ ಬೆಲೆ, ಬ್ರೇಕಿನ ಬೆಲೆ

ಮರ ಕೊಯ್ಯುವ ಗರಗಸದ ಮೇಜಿಗೆ ಬೆರಳು ಕಾಯುವ ಬ್ರೇಕ್ ಕಡ್ಡಾಯವಾಗಬೇಕೆ? ಅಮೆರಿಕದಲ್ಲಿ 2003ರಲ್ಲಿ ಒಂದು ಅರ್ಜಿಯೊಂದಿಗೆ ಆರಂಭವಾದ ಈ ಚರ್ಚೆ 22 ವರ್ಷಗಳ ನಂತರ, 2025ರಲ್ಲಿ, ಯಾವ ನಿಯಮವನ್ನೂ ರೂಪಿಸದೆ ಕೊನೆಗೊಂಡಿತು. ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ತಾನೇ ಸಿದ್ಧಪಡಿಸಿದ್ದ ಕರಡನ್ನು ಹಿಂತೆಗೆದುಕೊಂಡಿತು. ಇದು ಬಡಗಿಗಳಿಗೆ ಮಾತ್ರ ಸಂಬಂಧಿಸಿದ ಸಂಗತಿಯೆಂದು ಬದಿಗಿಡುವಂತಿಲ್ಲ. ಸುರಕ್ಷತೆಯ ಖರ್ಚನ್ನು ಯಾರು ಹೊರಬೇಕು ಎಂಬ ಹಳೆಯ ಪ್ರಶ್ನೆ ಇದರೊಳಗೆ ಅಡಗಿದೆ.

ಭೌತವಿಜ್ಞಾನ ಓದಿ ಪೇಟೆಂಟ್ ವಕೀಲರಾದ, ಹವ್ಯಾಸದಿಂದ ಬಡಗಿಯೂ ಆದ ಸ್ಟೀಫನ್ ಗ್ಯಾಸ್ 1999ರಲ್ಲಿ ಈ ಬ್ರೇಕನ್ನು ರೂಪಿಸಿದರು. ಅದರ ತತ್ವ ಸರಳ. ತಿರುಗುವ ಬ್ಲೇಡಿನಲ್ಲಿ ಸಣ್ಣದೊಂದು ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಒಣಮರ ಅದನ್ನು ಕದಡುವುದಿಲ್ಲ. ಮನುಷ್ಯನ ಚರ್ಮ ಸೋಕಿದೊಡನೆ ಸಂಕೇತ ಕುಸಿಯುತ್ತದೆ. ಆಗ ಅಲ್ಯೂಮಿನಿಯಮ್ ತುಂಡೊಂದು ಸ್ಪ್ರಿಂಗಿನ ಬಲದಿಂದ ಬ್ಲೇಡಿನ ಹಲ್ಲುಗಳಿಗೆ ನುಗ್ಗಿ, ಸುಮಾರು 5 ಮಿಲಿಸೆಕೆಂಡುಗಳಲ್ಲಿ ಅದನ್ನು ನಿಲ್ಲಿಸುತ್ತದೆ. ಬೆರಳು ಹೋಗಬೇಕಾಗಿದ್ದಲ್ಲಿ ಸಣ್ಣ ಗೀರು ಮಾತ್ರ ಉಳಿಯುತ್ತದೆ. ಗರಗಸದ ಮೇಜುಗಳಿಂದ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 30,000 ಮಂದಿ ಗಾಯಗೊಳ್ಳುತ್ತಾರೆ, ಸುಮಾರು 4,000 ಮಂದಿ ಬೆರಳನ್ನೋ ಅದರ ಭಾಗವನ್ನೋ ಕಳೆದುಕೊಳ್ಳುತ್ತಾರೆ ಎಂಬ ಅಂದಾಜಿನ ಮುಂದೆ ಈ ಸಾಧನದ ಉಪಯುಕ್ತತೆಯನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಯಂತ್ರಕ್ಕೆ ಬೆರಳಿನ ಗುರುತಿಲ್ಲ. ಅದು ಬಲ್ಲದ್ದು ವಿದ್ಯುತ್ತನ್ನು ಮಾತ್ರ. ಹಸಿ ಮರ, ರಾಸಾಯನಿಕದಲ್ಲಿ ಅದ್ದಿ ತೆಗೆದು ಇನ್ನೂ ಒಣಗದ ಹಲಗೆ, ಹಳೆಯ ಮರದೊಳಗೆ ಮರೆತುಹೋದ ಮೊಳೆ, ಬ್ಲೇಡಿಗೆ ತಗುಲುವ ಲೋಹದ ಅಳತೆಪಟ್ಟಿ, ಇವು ಯಾವುವಾದರೂ ಅದರ ಪಾಲಿಗೆ ಬೆರಳೇ ಆಗಬಹುದು. ಒಮ್ಮೆ ಬ್ರೇಕ್ ಬಿದ್ದರೆ ಕಾರ್ಟ್ರಿಜ್ ನಿರುಪಯುಕ್ತ. ಹೊಸದಕ್ಕೆ ಸುಮಾರು 100 ಡಾಲರ್. ಸಾಮಾನ್ಯವಾಗಿ ಬ್ಲೇಡೂ ಹಾಳಾಗುತ್ತದೆ. ಬಿಡಿ ಕಾರ್ಟ್ರಿಜ್ ಕೈಯಲ್ಲಿಲ್ಲದಿದ್ದರೆ ಅಂದಿನ ಕೆಲಸವೂ ನಿಂತಿತು.

ಕಾರಣವಿಲ್ಲದೆ ಬೀಳುವ ಬ್ರೇಕಿನ ನಿಜವಾದ ನಷ್ಟ ಈ 100 ಡಾಲರ್ ಅಲ್ಲ. ಅದು ಮನುಷ್ಯನ ನಡವಳಿಕೆಯಲ್ಲಿ ತರುವ ಬದಲಾವಣೆಯೇ ದೊಡ್ಡ ನಷ್ಟ. ಹಸಿ ಮರ ಕೊಯ್ಯಬೇಕಾದಾಗ ಬ್ರೇಕನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸುವ ಸೌಲಭ್ಯ ಯಂತ್ರದಲ್ಲೇ ಇದೆ, ಅದು ಇರಲೂಬೇಕು. ಆದರೆ ಎರಡು ಬಾರಿ ಸುಮ್ಮನೆ ದಂಡ ತೆತ್ತವನು ಮೂರನೆಯ ಬಾರಿ, ಅನುಮಾನವಿದ್ದರೂ ಇಲ್ಲದಿದ್ದರೂ, ಆ ಕೀಲಿಯನ್ನೇ ತಿರುಗಿಸುತ್ತಾನೆ. ನಷ್ಟ ಇಂದೇ ಕಣ್ಣಿಗೆ ಕಾಣುತ್ತದೆ, ಖಚಿತವಾಗಿರುತ್ತದೆ. ಅಪಘಾತ ಎಂದೋ ಆಗಬಹುದಾದದ್ದು, ಬಹುಶಃ ಇನ್ನೊಬ್ಬನಿಗೆ. ಅರ್ಥಶಾಸ್ತ್ರ ಓದದವನೂ ಈ ಲೆಕ್ಕವನ್ನು ಸಲೀಸಾಗಿ ಮಾಡುತ್ತಾನೆ, ತಪ್ಪಾಗಿ ಮಾಡುತ್ತಾನೆ.

ಇಲ್ಲೊಂದು ವೈಚಿತ್ರ್ಯವಿದೆ. ಗ್ಯಾಸ್ ಸ್ಥಾಪಿಸಿದ ಸಾಸ್ಟಾಪ್ ಕಂಪನಿಯು, ಬ್ರೇಕ್ ನಿಜವಾಗಿಯೂ ಬೆರಳನ್ನು ಉಳಿಸಿದ್ದರೆ, ಹಳೆಯ ಕಾರ್ಟ್ರಿಜ್ಜನ್ನು ಪರಿಶೀಲಿಸಿ ಹೊಸದನ್ನು ಉಚಿತವಾಗಿ ಕೊಡುತ್ತದೆ. ಬೆರಳು ಉಳಿದವನು ನೂರಲ್ಲ, ಸಾವಿರ ಡಾಲರನ್ನಾದರೂ ಸಂತೋಷದಿಂದ ಕೊಟ್ಟಾನು, ಅವನಿಗೆ ಉಚಿತ. ಏನೂ ಆಗದೆ ನಷ್ಟ ಅನುಭವಿಸಿದವನಿಗೆ ಪೂರ್ತಿ ಬೆಲೆ. ಎಲ್ಲವೂ ಉಚಿತವಾದರೆ ಬಳಕೆದಾರ ಅಜಾಗರೂಕನಾಗುತ್ತಾನೆ, ಮೊಳೆ ಹುಡುಕುವ ಶ್ರಮವನ್ನೇ ಬಿಡುತ್ತಾನೆ ಎಂಬ ವಾದದಲ್ಲಿ ಹುರುಳಿದೆ. ಆದರೂ ಸುಳ್ಳು ಎಚ್ಚರಿಕೆಯ ಹೊರೆಯನ್ನೆಲ್ಲ ಯಂತ್ರದ ಮುಂದೆ ನಿಂತವನ ತಲೆಗೇ ಕಟ್ಟಿದರೆ, ಅವನು ಎಚ್ಚರಿಕೆಯ ಬಾಯನ್ನೇ ಮುಚ್ಚಿಸುತ್ತಾನೆ.

ಈ ಹೊರೆ ಇಷ್ಟೇ ಇರಬೇಕೆಂಬ ನಿಯಮವೇನೂ ಇಲ್ಲ. ಬಾಷ್ ಕಂಪನಿಯು 2016ರ ಹೊತ್ತಿಗೆ ಮಾರುಕಟ್ಟೆಗೆ ತಂದ ಗರಗಸದಲ್ಲಿ ಬ್ಲೇಡನ್ನು ಕೆಡಿಸದೆ ಮೇಜಿನಡಿಗೆ ಎಳೆದುಕೊಳ್ಳುವ ವ್ಯವಸ್ಥೆಯಿತ್ತು. ಒಂದು ಕಾರ್ಟ್ರಿಜ್ ಎರಡು ಬಾರಿ ಕೆಲಸ ಮಾಡುತ್ತಿತ್ತು. ಪೇಟೆಂಟ್ ಉಲ್ಲಂಘನೆಯ ಕಾರಣದಿಂದ 2017ರಲ್ಲಿ ಅಮೆರಿಕಕ್ಕೆ ಅದರ ಆಮದು ನಿಂತಿತು. ನಿಯಮ ಜಾರಿಯಾದರೆ ಮುಖ್ಯ ಪೇಟೆಂಟೊಂದನ್ನು ಸಾರ್ವಜನಿಕರಿಗೆ ಬಿಟ್ಟುಕೊಡುವುದಾಗಿ ಸಾಸ್ಟಾಪ್ 2024ರಲ್ಲಿ ಘೋಷಿಸಿತು. ಆ ವೇಳೆಗೆ ಎರಡು ದಶಕಗಳೇ ಕಳೆದಿದ್ದವು. ಪೈಪೋಟಿ ಇದ್ದಿದ್ದರೆ ಕಾರಣವಿಲ್ಲದೆ ಬೀಳುವ ಬ್ರೇಕಿನ ಬೆಲೆಯೂ ಇಳಿಯುವ ಸಾಧ್ಯತೆಯಿತ್ತು.

ನಮ್ಮ ಪರಿಸ್ಥಿತಿಯಾದರೂ ಏನು? ಬೆಂಗಳೂರಿನ ಹೊಸ ಫ್ಲ್ಯಾಟುಗಳಲ್ಲಿ ಮರಗೆಲಸ ನಡೆಯುವುದನ್ನು ನೋಡಿದವರಿಗೆ ಗೊತ್ತು: ಕೈಯಲ್ಲಿ ಹಿಡಿಯುವ ಕಟಿಂಗ್ ಮಷಿನನ್ನು ತಲೆಕೆಳಗು ಮಾಡಿ ಪ್ಲೈವುಡ್ ಹಲಗೆಯಡಿ ಬಿಗಿದರೆ ಅದೇ ಗರಗಸದ ಮೇಜು. ಬ್ರೇಕ್ ಹಾಗಿರಲಿ, ಬ್ಲೇಡಿಗೆ ಮುಚ್ಚಳವೂ ಇರುವುದಿಲ್ಲ. ನಮ್ಮ ಮನೆಯ ಕಪಾಟು ಮಾಡಿಕೊಟ್ಟ ಮೇಸ್ತ್ರಿಯನ್ನು ಆ ಬಗ್ಗೆ ವಿಚಾರಿಸಿದೆ. ‘ಮುಚ್ಚಳ ಇಟ್ಕೊಂಡ್ರೆ ಕೆಲಸ ಸಾಗಲ್ಲ ಸಾರ್, ನಮಗೆ ಚದರಡಿ ಲೆಕ್ಕ’ ಎಂದರು. ಅವರ ಎಡಗೈ ತೋರುಬೆರಳಿನ ತುದಿಯ ಗೆಣ್ಣು ಇರಲಿಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಅನುಸೂಚಿ ಅಂಥ ಗೆಣ್ಣೊಂದಕ್ಕೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ 9ರ ನಷ್ಟವನ್ನು ನಿಗದಿಪಡಿಸಿತ್ತು; ಇಡೀ ತೋರುಬೆರಳಿಗೆ ಶೇ 14, ಹೆಬ್ಬೆರಳಿಗೆ ಶೇ 30. ಜೊತೆಗೊಂದು ಷರತ್ತು: ಕಾರ್ಮಿಕನು ಸುರಕ್ಷತಾ ಸಾಧನವನ್ನು ಬೇಕೆಂದೇ ತೆಗೆದುಹಾಕಿ ಇಂಥ ಗಾಯ ಮಾಡಿಕೊಂಡರೆ ಮಾಲೀಕ ಹೊಣೆಯಲ್ಲ. ಸಾಧನವನ್ನು ತೆಗೆಯುವಂತೆ ಒತ್ತಾಯಿಸುವ ಕೂಲಿಯ ಪದ್ಧತಿಗೆ ಮಾತ್ರ ಆ ಷರತ್ತಿನಲ್ಲಿ ಹೊಣೆಯಿರಲಿಲ್ಲ.

ಮುಂದೊಂದು ದಿನ ಇಂಥ ಬ್ರೇಕುಗಳು ನಮ್ಮ ಕಾರ್ಯಾಗಾರಗಳಿಗೂ ಅಗ್ಗವಾಗಿ ಬರಬಹುದು. ಆಗ ಅವನ್ನು ಕಡ್ಡಾಯಗೊಳಿಸುವ ಆದೇಶವೊಂದೇ ಸಾಲದು. ಹೊರಡಿಸಿದ ಆದೇಶಕ್ಕೂ ಅದರ ಪಾಲನೆಗೂ ನಡುವಿನ ಅಂತರವನ್ನು ಸೇವೆಯಲ್ಲಿದ್ದಷ್ಟು ಕಾಲ ಕಂಡವನು ನಾನು. ಕಾರಣವಿಲ್ಲದೆ ಬಿದ್ದ ಬ್ರೇಕಿನ ಖರ್ಚು ಮಾಲೀಕನದಾಗಬೇಕು, ಅದನ್ನು ಕೂಲಿಯಲ್ಲಿ ಮುರಿದುಕೊಳ್ಳಬಾರದು. ಸಾಧನವನ್ನು ಚಾಲನೆಯಲ್ಲಿಟ್ಟ ಕಾರ್ಯಾಗಾರಕ್ಕೆ ವಿಮಾ ಕಂತಿನಲ್ಲಿ ರಿಯಾಯಿತಿ ಸಿಗಬೇಕು. ಮರದ ತೇವವನ್ನೂ ಮೊಳೆಯನ್ನೂ ಮೊದಲೇ ಪರೀಕ್ಷಿಸುವ ಸಮಯಕ್ಕೆ ಕೂಲಿ ಇರಬೇಕು. ಇಷ್ಟಾದರೆ ಬ್ರೇಕನ್ನು ನಿಷ್ಕ್ರಿಯಗೊಳಿಸಲು ಕಾರ್ಮಿಕನಿಗೆ ಕಾರಣವೇ ಇರುವುದಿಲ್ಲ. ಇಲ್ಲವಾದರೆ, ಬ್ರೇಕ್ ಯಂತ್ರದಲ್ಲಿ ಇರುತ್ತದೆ, ಆದೇಶ ಕಡತದಲ್ಲಿ ಇರುತ್ತದೆ, ಬೆರಳು ಮಾತ್ರ ಇರುವುದಿಲ್ಲ.