ನಿಂತ ಗಾಡಿಯನ್ನು ದೂಡುವ ಮೊದಲು

ಬಳ್ಳಾರಿಯಿಂದ ಗುಂತಕಲ್ಲಿಗೂ ಹೊಸಪೇಟೆಗೂ ರೈಲುಗಾಡಿಗಳು ಓಡುತ್ತವೆ. ಕುರುಗೋಡು, ಸಿರುಗುಪ್ಪಗಳಿಗೆ ಮಾತ್ರ ಇಂದಿಗೂ ಹಳಿಯಿಲ್ಲ. ಆದರೆ ಗಣಕಯಂತ್ರದ ಪರದೆಯ ಮೇಲೆ ಈ ಕೊರತೆಯನ್ನು ಒಂದೇ ಸಂಜೆಯಲ್ಲಿ ತುಂಬಬಹುದು. 1994ರಲ್ಲಿ ಕ್ರಿಸ್ ಸಾಯರ್ ರಚಿಸಿದ ‘ಟ್ರಾನ್ಸ್‌ಪೋರ್ಟ್ ಟೈಕೂನ್’ ಆಟದ ಜಾಡಿನಲ್ಲಿ ಹುಟ್ಟಿ, ಉಚಿತವಾಗಿ ದೊರೆಯುವ ‘ಓಪನ್ ಟಿಟಿಡಿ’ಯಲ್ಲಿ ಆಟಗಾರನು ಊರುಗಳಿಗೆ ಬೇಕಾದ ಹೆಸರಿಟ್ಟು, ಹಳಿ ಹಾಸಿ, ಸಿಗ್ನಲ್ ನೆಟ್ಟು, ಗಾಡಿಗಳಿಗೆ ನಿಲ್ದಾಣಗಳ ಪಟ್ಟಿಯನ್ನು ಕೊಟ್ಟರೆ ಸಾಕು; ಓಡಿಸುವ ಹೊಣೆ ಗಣಕದ್ದು. ಇದನ್ನು ಹೊತ್ತು ಕಳೆಯುವ ಚಟವೆಂದು ಜರೆಯುವ ಹಿರಿಯರುಂಟು. ಗಾಡಿಗಳು ಸರಾಗವಾಗಿ ಓಡುತ್ತಿರುವವರೆಗೆ ಅವರ ಮಾತು ಸರಿಯಾಗಿರಬಹುದು. ಅವು ನಿಂತಾಗ ಪಾಠ ಮೊದಲಾಗುತ್ತದೆಂಬುದು ನನ್ನ ಅಭಿಪ್ರಾಯ.

ಮೂರು ಊರುಗಳನ್ನೂ ಒಂಟಿ ಹಳಿಯಿಂದ ಜೋಡಿಸಿ, ನಡುವಿನ ಕುರುಗೋಡಿನಲ್ಲಿ ಗಾಡಿಗಳು ಒಂದನ್ನೊಂದು ದಾಟಲು ಎರಡು ಹಳಿಗಳನ್ನು ಇಟ್ಟೆವೆನ್ನೋಣ. ಬಳ್ಳಾರಿಯಿಂದ ಒಂದು, ಸಿರುಗುಪ್ಪದಿಂದ ಒಂದು ಗಾಡಿ ಬಂದು ಕುರುಗೋಡಿನ ಎರಡು ಹಳಿಗಳನ್ನೂ ಹಿಡಿದವು. ಅಷ್ಟರಲ್ಲಿ ಎರಡೂ ಕಡೆ ಹಾದಿ ತೆರವಾಗಿದೆಯೆಂದು ಕಂಡು ಬಳ್ಳಾರಿಯಿಂದಲೂ ಸಿರುಗುಪ್ಪದಿಂದಲೂ ಮತ್ತೊಂದೊಂದು ಗಾಡಿ ಹೊರಟಿತು. ನಿಲ್ದಾಣದೊಳಗಿನವು ಹಾದಿ ತೆರವಾಗಲೆಂದು ಕಾಯುತ್ತವೆ. ಹಾದಿಯಲ್ಲಿರುವವು ನಿಲ್ದಾಣ ತೆರವಾಗಲೆಂದು ಕಾಯುತ್ತವೆ. ನಾಲ್ಕರಲ್ಲಿ ಒಂದೂ ನಿಯಮ ಮೀರಿಲ್ಲ, ಒಂದೂ ಕದಲುವುದಿಲ್ಲ.

ಇಂತಹ ಕಗ್ಗಂಟಿಗೆ ನಾಲ್ಕು ಕಾರಣಗಳು ಒಟ್ಟಿಗೆ ಕೂಡಬೇಕೆಂದು 1971ರಲ್ಲಿ ಕಾಫ್ಮನ್ ಮತ್ತು ಸಂಗಡಿಗರು ಗಣಕಗಳ ವಿಷಯದಲ್ಲಿ ತೋರಿಸಿದರು: ಒಂದು ಎಡೆಯನ್ನು ಒಬ್ಬರೇ ಬಳಸಬೇಕು, ಹಿಡಿದದ್ದನ್ನು ಬಿಡದೆ ಇನ್ನೊಂದಕ್ಕೆ ಕಾಯಬೇಕು, ಹಿಡಿದದ್ದನ್ನು ಯಾರೂ ಕಸಿಯಲಾಗದು, ಕಾಯುವಿಕೆ ಸುತ್ತಿ ಬಂದು ಮೊದಲಿನವನನ್ನೇ ಮುಟ್ಟಬೇಕು. ಇವುಗಳಲ್ಲಿ ಒಂದನ್ನು ಮುರಿದರೂ ಗಂಟು ಬಿಡುತ್ತದೆ. 2009ರಿಂದ ಈ ಆಟದಲ್ಲಿರುವ ‘ಪಾತ್ ಸಿಗ್ನಲ್’ ಗಾಡಿ ಹೊರಡುವ ಮೊದಲೇ ಅದು ನಿಲ್ಲತಕ್ಕ ಮುಂದಿನ ಸಿಗ್ನಲಿನವರೆಗಿನ ದಾರಿಯನ್ನು ಕಾದಿರಿಸುತ್ತದೆ. ಆದುದರಿಂದ ಆಟದ ಕುರುಗೋಡಿನ ಹೊರಗೆ ನೆಟ್ಟ ಸಿಗ್ನಲನ್ನು ಕಿತ್ತು, ಒಳಗಿನ ಹಳಿಗಳ ತುದಿಯಲ್ಲಿ ಮಾತ್ರ ಪಾತ್ ಸಿಗ್ನಲನ್ನು ಇಟ್ಟರೆ, ಕುರುಗೋಡಿನಲ್ಲಿ ಎಡೆ ದೊರೆಯದ ಗಾಡಿ ಬಳ್ಳಾರಿಯನ್ನೇ ಬಿಡುವುದಿಲ್ಲ. ಸಿಗ್ನಲ್ ಹೆಚ್ಚಿಸಿದರೆ ಸುಗಮವಾದೀತೆಂಬ ಊಹೆ ಇಲ್ಲಿ ತಲೆಕೆಳಗಾಗುವುದನ್ನು ಗಮನಿಸಿರಿ.

ಆದರೆ ಅವಸರದ ಆಟಗಾರನಿಗೆ ಸುಲಭೋಪಾಯವೊಂದುಂಟು. ಸಿಗ್ನಲನ್ನು ಲೆಕ್ಕಿಸದೆ ಮುಂದೆ ಹೋಗೆಂದು ಗಾಡಿಗೆ ಆಜ್ಞಾಪಿಸುವ ಗುಂಡಿಯೂ ಅಲ್ಲಿದೆ! ಪರದೆಯ ಮೇಲೆ ಅದರ ಫಲ ಕಾಗದದ ಹಣದ ನಷ್ಟ. ಹೊರಗಿನ ಲೋಕದಲ್ಲಿ ಹಾಗಲ್ಲ. 2023ರ ಫೆಬ್ರವರಿ 8ರಂದು ನಮ್ಮ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ತಪ್ಪು ಹಳಿಗೆ ಹೋಗುವುದರಲ್ಲಿತ್ತು. ಲೋಕೋ ಪೈಲಟರ ಎಚ್ಚರದಿಂದ ಅನಾಹುತ ತಪ್ಪಿತು. ಇಂಟರ್‌ಲಾಕಿಂಗ್ ಏರ್ಪಾಡನ್ನು ಬಳಸುದಾರಿಯಿಂದ ಮೀರುವ ಅಪಾಯವನ್ನು ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಮರುದಿನವೇ ಪತ್ರ ಬರೆದು ಎಚ್ಚರಿಸಿದರು. ಅದೇ ವರ್ಷ ಜೂನ್ 2ರಂದು ಒಡಿಶಾದ ಬಹಾನಗಾ ಬಜಾರಿನಲ್ಲಿ, ಸಿಗ್ನಲ್ ತಂತಿಗಳ ತಪ್ಪು ಜೋಡಣೆಯಿಂದ, ಮುಖ್ಯ ಹಳಿಗೆ ಹಸಿರು ದೀಪ ಪಡೆದ ಗಾಡಿ ಪಕ್ಕದ ಹಳಿಗೆ ತಿರುಗಿ, ನಿಂತಿದ್ದ ಸರಕುಗಾಡಿಗೆ ಬಡಿಯಿತು. 290ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ವರ್ಷ ಅದೇ ವಿಭಾಗದಲ್ಲಿ ಕಂಡಿದ್ದ ಇಂತಹ ದೋಷವನ್ನು ಅಂದೇ ಸರಿಪಡಿಸಿದ್ದರೆ ಈ ದುರಂತ ಸಂಭವಿಸುತ್ತಿರಲಿಲ್ಲವೆಂದು ವಿಚಾರಣೆಯ ವರದಿ ಹೇಳಿತು.

ಆದಕಾರಣ ತರುಣ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಗಾಡಿ ನಿಂತರೆ ಆ ಗುಂಡಿಯನ್ನು ಒತ್ತಬೇಡಿರಿ. ಗಾಡಿಯನ್ನು ಅಳಿಸಿ ಹೊಸದನ್ನು ಕೊಳ್ಳಲೂ ಬೇಡಿರಿ. ಆಟವನ್ನು ತಡೆದು, ಕಾಗದದ ಮೇಲೆ ಪ್ರತಿಯೊಂದು ಗಾಡಿಯ ಹೆಸರನ್ನೂ ಬರೆದು, ಅದು ಯಾವುದಕ್ಕಾಗಿ ಕಾಯುತ್ತಿದೆಯೋ ಅತ್ತ ಒಂದು ಬಾಣದ ಗುರುತು ಹಾಕಿರಿ. ಬಾಣಗಳು ಸುತ್ತಿ ಬಂದು ಕೂಡಿದರೆ ರೋಗ ತಿಳಿಯಿತು. ಒಂದೊಂದೇ ಬದಲಾವಣೆಯನ್ನು ಮಾಡಿ, ಫಲವನ್ನು ನೋಡಿರಿ. ಸಿರುಗುಪ್ಪಕ್ಕೆ ನಿಜವಾದ ಹಳಿ ಬಂದ ದಿನ ಅಲ್ಲಿಯ ಸಿಗ್ನಲ್ ಪೆಟ್ಟಿಗೆಯನ್ನು ತೆರೆಯುವ ಕೈಗೆ ಈ ತಾಳ್ಮೆಯ ಅಭ್ಯಾಸ ಮೊದಲೇ ಆಗಿರಬೇಕು.